ಯಾವ ಡಯಾಲಿಸಿಸ್? ಮಗುವನ್ನೂ ಕೂರಿಸಿಕೊಂಡು ನಿರ್ಧರಿಸುವುದು

ಮೂತ್ರಪಿಂಡ ಕೆಲಸ ನಿಲ್ಲಿಸಿದ ಮಗುವಿಗೆ ಡಯಾಲಿಸಿಸ್ ಎರಡು ಬಗೆ: ಯಂತ್ರದಲ್ಲಿ ರಕ್ತವನ್ನು ಶುದ್ಧಿ ಮಾಡುವುದು, ಇಲ್ಲವೇ ಕೊಳವೆಯಿಂದ ಹೊಟ್ಟೆಗೆ ದ್ರವ ತುಂಬಿ ಹೊರತೆಗೆಯುವುದು. 18 ತುಂಬುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಅಪ್ಪ ಅಮ್ಮ. ಸೂಜಿ ಚುಚ್ಚಿಸಿಕೊಳ್ಳುವುದು ಮಾತ್ರ ಮಗು. ಹಾಗಾಗಿ ಮೊದಲು ವೈದ್ಯರ ಬಳಿ ನೀವಷ್ಟೇ ಕೇಳಿ ತಿಳಿಯಿರಿ: ಯಾವುದು ಆಗಲೇಬೇಕು, ಯಾವುದರಲ್ಲಿ ಮಗುವಿನ ಮಾತು ನಡೆಯುತ್ತದೆ?

‘ಡಯಾಲಿಸಿಸ್ ಮಾಡಿಸೋಣವಾ?’ ಎಂದು ಕೇಳಲೇಬೇಡಿ. ‘ಬೇಡ’ ಎಂದರೆ ನೀವು ಒಪ್ಪುವುದಿಲ್ಲವಲ್ಲ. ಕೇಳಿಯೂ ಮೀರಿದರೆ ಮುಂದೆ ಮಗು ಬಾಯಿಯೇ ಬಿಡುವುದಿಲ್ಲ. ಹಿಂದಿನ ಶಸ್ತ್ರಚಿಕಿತ್ಸೆಯಿಂದಾಗಿ ಹೊಟ್ಟೆಯ ಡಯಾಲಿಸಿಸ್ ಆಗದು ಎಂದಾದರೆ ಅದನ್ನು ಆಯ್ಕೆಯೆಂದು ತೋರಿಸಬೇಡಿ.

ಎರಡಕ್ಕೂ ಅವಕಾಶವಿದ್ದರೆ ಮಗುವಿನ ದಿನಚರಿಯ ಲೆಕ್ಕದಲ್ಲೇ ಹೇಳಿ. ರಕ್ತದ ಡಯಾಲಿಸಿಸ್‌ಗೆ ಸಾಮಾನ್ಯವಾಗಿ ವಾರಕ್ಕೆ 3 ದಿನ, ಸುಮಾರು 4 ಗಂಟೆ ಆಸ್ಪತ್ರೆ. ಬಸ್ಸಿನ ಹೊತ್ತು ಬೇರೆ. ಹೊಟ್ಟೆಯದು ಮನೆಯಲ್ಲೇ, ಯಂತ್ರವಿದ್ದರೆ ರಾತ್ರಿ ಮಲಗಿದಾಗ 8ರಿಂದ 12 ಗಂಟೆ. ಆದರೆ ಹೊಟ್ಟೆಯಲ್ಲಿ ಕೊಳವೆ ಸದಾ ಇರುತ್ತದೆ, ಕೆರೆಯ ಈಜು ಇಲ್ಲ. ನಿಜವಾದ ಕೊಳವೆಯನ್ನು ಕೈಗೆ ಕೊಟ್ಟು ಮುಟ್ಟಿ ನೋಡಲು ಬಿಡಿ. ಬಳಿಕ ‘ಅರ್ಥವಾಯ್ತಾ?’ ಎಂದರೆ ‘ಹೂಂ’ ಬರುತ್ತದೆ, ಅಷ್ಟೇ. ‘ತಮ್ಮನಿಗೆ ಇದನ್ನ ಹೇಗೆ ಹೇಳ್ತೀಯಾ?’ ಎಂದು ಕೇಳಿ. ತಪ್ಪು ತಿಳಿದದ್ದು ಆಗ ಹೊರಬೀಳುತ್ತದೆ.

ರಕ್ತದ ಡಯಾಲಿಸಿಸ್‌ನ ಸೂಜಿಗಾಗಿ ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಬಲಿಯಲು ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು. ಆದ್ದರಿಂದ ಮಾತುಕತೆ ಬೇಗ ಶುರುವಾಗಲಿ. ಸಾಧ್ಯವಾದರೆ ಬರೆಯದ ಕೈಗೇ ಮಾಡುತ್ತಾರೆ. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು. ‘ಈ ಕೈ ಬೇಡ’ ಎನ್ನುವುದನ್ನು ಮಗುವಿಗೇ ಕಲಿಸಿ. ಮರಗಟ್ಟಿಸುವ ಮುಲಾಮನ್ನು ಸೂಜಿಗೆ ಸುಮಾರು 1 ಗಂಟೆ ಮುಂಚೆ ಹಚ್ಚಬೇಕು, ಹೊರಡುವ ಗಡಿಬಿಡಿಯಲ್ಲಿ ಮರೆಯುವುದೇ ಹೆಚ್ಚು. ‘ನೋವೇ ಆಗಲ್ಲ’ ಎಂದು ಮಾತ್ರ ಹೇಳಬೇಡಿ.

ದಿನಕ್ಕೆ ಎಷ್ಟು ನೀರು ಎನ್ನುವುದು ವೈದ್ಯರದು, ಯಾವಾಗ ಎನ್ನುವುದು ಮಗುವಿನದು. 600 ಮಿ.ಲೀ. ಎಂದಿದ್ದರೆ ಬೆಳಿಗ್ಗೆ ಅಷ್ಟನ್ನೂ ಬಾಟಲಿಗೆ ತುಂಬಿಡಿ. 100 ಮಿ.ಲೀ. ಮಜ್ಜಿಗೆ ಕುಡಿದರೆ ಬಾಟಲಿಯಿಂದ ಅಷ್ಟೇ ನೀರು ಚೆಲ್ಲಲಿ. ಸಾರು, ಗಂಜಿ, ಮಾತ್ರೆಯ ನೀರೂ ಲೆಕ್ಕಕ್ಕೆ ಸೇರುತ್ತವೆ.

ಊಟದಲ್ಲಿನ ರಂಜಕ (ಫಾಸ್ಫರಸ್) ಮೈಗೆ ಸೇರದಂತೆ ತಡೆಯುವ ಮಾತ್ರೆ ಊಟದ ಜೊತೆಗೇ ಹೋಗಬೇಕು, ಆಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಶಾಲೆಯಲ್ಲಿ ತಪ್ಪುವುದು ಇದೇ. ಡಬ್ಬಿಯಲ್ಲಿಡುವುದೋ, ಟೀಚರ್ ಬಳಿಯೋ? ಅದನ್ನು ಮಗುವೇ ಹೇಳಲಿ. ‘ತಗೊಂಡ್ಯಾ?’ ಎಂದರೆ ಸುಳ್ಳು ಬರುತ್ತದೆ. ‘ಈ ವಾರ ಯಾವ್ದು ತಪ್ಪೋಯ್ತು?’ ಎನ್ನಿ. ಹದಿಹರೆಯದವರಿಗೆ ವೈದ್ಯರೊಂದಿಗೆ ಐದು ನಿಮಿಷ ಒಂಟಿಯಾಗಿ ಮಾತಾಡಲು ಬಿಡಿ.

ಹೊಟ್ಟೆಯಿಂದ ಹೊರಬಂದ ದ್ರವ ಮಸುಕಾಗಿದ್ದರೆ ಅಥವಾ ಹೊಟ್ಟೆನೋವು, ಜ್ವರ ಬಂದರೆ ಚರ್ಚೆಯಿಲ್ಲ. ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಇದನ್ನು ಮೊದಲೇ ಮಗುವಿಗೂ ಹೇಳಿಟ್ಟಿರಿ.