ಆಡಿಗೆ ಯಾವ ತಪ್ಪಲು ಹಾಕಬೇಕು, ಯಾವುದು ಬೇಡ

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ನಿಜ. ಆದರೆ ಗಾದೆಯಲ್ಲಿ ಮುಟ್ಟೋದು ಅಂತ ಇದೆ, ಹೊಟ್ಟೆ ತುಂಬ ತಿನ್ನೋದು ಅಂತ ಇಲ್ಲ. ಬಯಲಿಗೆ ಬಿಟ್ಟ ಆಡು ಇಲ್ಲಿ ಎರಡೆಲೆ, ಅಲ್ಲಿ ನಾಲ್ಕೆಲೆ ಕಿತ್ತು ಮುಂದೆ ಹೋಗುತ್ತದೆ. ಕಟ್ಟಿ ಹಾಕಿದ ಆಡಿಗೆ ಆ ದಾರಿ ಇಲ್ಲ, ಹಸಿದಿದ್ದರೆ ಮುಂದೆ ಹಾಕಿದ್ದನ್ನೇ ತಿನ್ನುತ್ತದೆ. ಗದಗಿನಲ್ಲಿ ಈಗ ಮನೆ ಹಿಂದೆ ಎರಡು ಮೂರು ಆಡು ಕಟ್ಟುವವರು ಜಾಸ್ತಿ ಆಗಿದ್ದಾರೆ, ಅವರು ಕೇಳೋದೂ ಇದನ್ನೇ.

ನಮ್ಮ ಎರೆ ನಾಡಿನಲ್ಲಿ ಕಣ್ಣು ಮುಚ್ಚಿ ಹಾಕಬಹುದಾದ ತಪ್ಪಲು ಅಂದರೆ ಕರಿಜಾಲಿ, ಬಾರಿ, ಬನ್ನಿ, ಆಲ, ಬಸರಿ, ಅತ್ತಿ, ಹುಣಸೆ. ಬೇವು ಕಹಿ ಅಂತ ನಮಗೆ, ಆಡಿಗೆ ಅದೇನೂ ಲೆಕ್ಕಕ್ಕಿಲ್ಲ. ನುಗ್ಗೆ ತಪ್ಪಲು, ಚೊಗಚಿ ತಪ್ಪಲು ಸಿಕ್ಕರೆ ಹಾಲು ಕೊಡುವ ಆಡಿಗೆ ಮೊದಲು ಹಾಕಿ. ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ ವಾಸನೆಗೆ ಹೊಸ ಆಡು ಮೂಗು ತಿರುಗಿಸುತ್ತದೆ. ಸಂಜೆ ಕಡಿದು ರಾತ್ರಿಯೆಲ್ಲ ಬಾಡಲು ಬಿಟ್ಟು ಬೆಳಿಗ್ಗೆ ಹಾಕಿದರೆ ತಿನ್ನುತ್ತದೆ. ಬಳ್ಳಾರಿ ಜಾಲಿಯ ಎಲೆ ಮುಟ್ಟೋದು ಕಡಿಮೆ, ಹಣ್ಣಾಗಿ ಬಿದ್ದ ಹಳದಿ ಕಾಯಿಗೆ ಮಾತ್ರ ಪ್ರಾಣ ಬಿಡುತ್ತದೆ. ಸ್ವಲ್ಪ ಕೊಡಿ, ಬರೀ ಅದನ್ನೇ ಕೊಡಬೇಡಿ. ಇನ್ನೊಂದು, ಅದರ ಬೀಜ ಹಿಕ್ಕೆಯಲ್ಲಿ ಹಾಗೇ ಬಂದು ಗೊಬ್ಬರದ ಜೊತೆ ಹೊಲ ಸೇರುತ್ತದೆ, ಆಮೇಲೆ ಮುಳ್ಳು ಕೀಳೋರು ನೀವೇ.

ಸುಬಾಬುಲ್ ವಿಷಯದಲ್ಲಿ ಒಂದು ಅಳತೆ ಇಟ್ಟುಕೊಳ್ಳಿ, ದಿನದ ಮೇವಿನಲ್ಲಿ ಮೂರರಲ್ಲಿ ಒಂದು ಪಾಲು ದಾಟಬಾರದು. ಬೇಗ ಬೆಳೆಯುತ್ತದೆ, ಆಡೂ ಇಷ್ಟಪಟ್ಟು ತಿನ್ನುತ್ತದೆ ಅಂತ ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಮೈಕೂದಲು ಉದುರುತ್ತದೆ, ಗಂಟಲು ಗ್ರಂಥಿ ಊದುತ್ತದೆ. ಗಬ್ಬದ ಆಡಿಗೆ ಇನ್ನೂ ಕಡಿಮೆ.

ಬೇಡವೇ ಬೇಡ ಅನ್ನೋದರಲ್ಲಿ ಮೊದಲನೇದು ಕಣಗಿಲ. ಬಿಳಿ, ಕೆಂಪು, ಹಳದಿ, ಯಾವ ಹೂವಿನದಾದರೂ ಸರಿ. ನನ್ನ ಕೈಯಿಂದಲೇ ಒಂದು ಆಡು ಹೋಗಿದೆ. ಕಂಪೌಂಡಿನ ಕಣಗಿಲ ರಸ್ತೆಗೆ ಬಾಗಿತ್ತು ಅಂತ ಸವರಿ ಟೊಂಗೆಗಳನ್ನು ಗೋಡೆ ಬುಡಕ್ಕೆ ಒಟ್ಟಿದ್ದೆ. ಮೂರು ದಿನಕ್ಕೆ ಎಲೆ ಒಣಗಿ ಸುರುಳಿ ಸುತ್ತಿಕೊಂಡಿತ್ತು, ಇನ್ನು ಇದನ್ನ ಯಾರು ತಿಂತಾರೆ ಅಂದುಕೊಂಡೆ. ಹಗ್ಗ ಬಿಚ್ಚಿಕೊಂಡ ಆಡು ಅದಕ್ಕೇ ಬಾಯಿ ಹಾಕಿತ್ತು. ಸಂಜೆಗೆ ಜೊಲ್ಲು ಸುರಿಯಿತು, ಭೇದಿ ಹತ್ತಿತು, ನಿಂತಲ್ಲೇ ತೂರಾಡಿ ಬಿತ್ತು. ಡಾಕ್ಟರು ಬರೋ ಹೊತ್ತಿಗೆ ಮುಗಿದಿತ್ತು. ಕಣಗಿಲ ಒಣಗಿದರೂ ವಿಷವೇ. ಹಸಿ ಎಲೆ ಕಹಿ ಅಂತ ಆಡು ಬಿಟ್ಟರೂ ಬಿಟ್ಟೀತು, ಒಣಗಿದ್ದು ಅದಕ್ಕೂ ಗೊತ್ತಾಗೋದಿಲ್ಲ. ಸವರಿದ ದಿನವೇ ಆಚೆ ಸಾಗಿಸಿ.

ಲಂಟಾನ ತಿಂದರೆ ಕಾಮಾಲೆ ಆಗುತ್ತದೆ, ಕಿವಿ ಮೂತಿಯ ಚರ್ಮ ಬಿಸಿಲಿಗೆ ಸುಟ್ಟಂತೆ ಸುಲಿಯುತ್ತದೆ. ಹಳ್ಳದ ದಂಡೆಯ ಬೇಶರಂ, ಬೀಜ ಸಮೇತ ಔಡಲ, ಮದಗುಣಕಿ (ದತ್ತೂರಿ) ಇವೂ ಬೇಡ. ಗಿಡ ಅಲ್ಲದಿದ್ದರೂ ಒಂದು ಮಾತು ಹೇಳಲೇಬೇಕು, ಜೋಳ ಕೊಯ್ದ ಮೇಲೆ ಕೂಳೆಯಿಂದ ಬರುವ ಎಳೆ ಚಿಗುರು. ಮೊಣಕಾಲೆತ್ತರದ ಹಸಿರು ನೋಡಿ ಬಿಟ್ಟೀರಿ, ಗಳಿಗೆಯಲ್ಲಿ ಉಸಿರು ಕಟ್ಟುತ್ತದೆ. ಹಾಗಾದರೆ ಎಣ್ಣೆ, ಮಜ್ಜಿಗೆ ಅಂತ ಗಂಟಲಿಗೆ ಸುರಿಯುತ್ತ ಕೂಡಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ತಿಂದಿದ್ದರ ಒಂದು ಟೊಂಗೆ ಡಾಕ್ಟರಿಗೆ ತೋರಿಸಲು ಎತ್ತಿಡಿ.

ಹೊಸ ತಪ್ಪಲು ಯಾವುದೇ ಇರಲಿ, ಮೊದಲ ದಿನ ಒಂದು ಹಿಡಿ ಸಾಕು, ವಾರದಲ್ಲಿ ಹೆಚ್ಚಿಸಿ. ನೆಲಕ್ಕೆ ಚೆಲ್ಲಬೇಡಿ, ಕಾಲಲ್ಲಿ ತುಳಿದಿದ್ದನ್ನು ಆಡು ಮೂಸಿ ಬಿಟ್ಟುಬಿಡುತ್ತದೆ. ಟೊಂಗೆಗಳನ್ನು ಸಿವುಡು ಕಟ್ಟಿ ಅದರ ತಲೆಗಿಂತ ಒಂದು ಗೇಣು ಮೇಲೆ ತೂಗು ಹಾಕಿ. ನಮ್ಮ ಹೋತ ಹಿಂಗಾಲ ಮೇಲೆ ನಿಂತು ಜಾಲಿ ಮುಳ್ಳಿನ ಸಂದಿಯಿಂದ ಬರೀ ಎಲೆ ಬಿಡಿಸಿ ತಿಂದು, ಬೆಳಿಗ್ಗೆಗೆ ಬರೇ ಕಡ್ಡಿ ಉಳಿಸಿರುತ್ತದೆ. ಅವು ಒಲೆಗೆ ಆಗ್ತಾವೆ.