ಮನೆಮಂದಿಯೆಲ್ಲ ಪಾಯಿಂಟ್ಸ್‌ನಲ್ಲಿ ಪ್ರವಾಸ ಹೋಗುವವರಿಗೆ

ಅಪ್ಪ ಅಮ್ಮ, ಮಕ್ಕಳು ಎಲ್ಲರನ್ನೂ ಕರೆದುಕೊಂಡು ಹೋಗಬೇಕು ಅಂತ ಕ್ರೆಡಿಟ್ ಕಾರ್ಡಿನ ಪಾಯಿಂಟ್ಸ್ (ಏರ್‌ಲೈನ್‌ಗೆ ಕಳಿಸಿ ವಿಮಾನದ ಟಿಕೆಟ್ ತೆಗೆದುಕೊಳ್ಳುವಂಥವು) ಕೂಡಿಟ್ಟವರು ಇದನ್ನೊಮ್ಮೆ ಓದಿ. ನಾವು ಏಳು ಜನ. ಏರ್‌ಲೈನ್ ಸೈಟಿನಲ್ಲಿ ಪಾಯಿಂಟ್ಸ್‌ಗೆ ಏಳು ಸೀಟು ಅಂತ ಹಾಕಿ ಹುಡುಕಿದೆ, ಏನೂ ಸಿಗಲಿಲ್ಲ. ಎರಡು ಅಂತ ಹಾಕಿದೆ, ಅದೇ ವಿಮಾನದಲ್ಲಿ ಸಿಕ್ಕಿತು! ಕಡಿಮೆ ಪಾಯಿಂಟ್ಸ್‌ಗೆ ಕೊಡುವ ಸೀಟುಗಳು ಒಂದು ವಿಮಾನದಲ್ಲಿ ಕೆಲವೇ ಇರುತ್ತವೆ. ನಾಲ್ಕಿದ್ದಾಗ ಏಳು ಕೇಳಿದರೆ ಇಲ್ಲ ಅನ್ನುತ್ತದೆ, ಇಲ್ಲಾಂದ್ರೆ ಏಳಕ್ಕೂ ಜಾಸ್ತಿ ಪಾಯಿಂಟ್ಸ್ ತೋರಿಸುತ್ತದೆ. ಅದಕ್ಕೇ ಒಂದರಿಂದ ಶುರು ಮಾಡಿ ಒಂದೊಂದೇ ಏರಿಸುತ್ತಾ ನೋಡಿ, ಸಿಕ್ಕಷ್ಟು ಪಾಯಿಂಟ್ಸ್‌ನಲ್ಲಿ ತೆಗೆದುಕೊಂಡು ಉಳಿದದ್ದಕ್ಕೆ ದುಡ್ಡು ಕೊಡಿ.

ಆದರೆ ಹೀಗೆ ಒಡೆದು ಬುಕ್ ಮಾಡುವಾಗ ವಯಸ್ಸಾದವರಿಬ್ಬರನ್ನೇ ಒಂದು ಪಿಎನ್‌ಆರ್‌ಗೆ (ಅಂದರೆ ಒಂದೇ ಬುಕಿಂಗ್‌ಗೆ) ಹಾಕಬೇಡಿ, ದಯವಿಟ್ಟು. ನಾನು ಹಾಗೇ ಮಾಡಿದ್ದೆ. ವಿಮಾನ ರದ್ದಾಯಿತು, ನಮಗೆ ಸಂಜೆಯ ವಿಮಾನ, ಅವರಿಗೆ ಮರುದಿನ. ಅಮ್ಮನ ಮಾತ್ರೆ ಡಬ್ಬಿ ನನ್ನ ಬ್ಯಾಗಿನಲ್ಲಿತ್ತು. ಪ್ರತಿ ಬುಕಿಂಗ್‌ನಲ್ಲೂ ಓಡಾಡಿ ಮಾತಾಡಬಲ್ಲ ಒಬ್ಬರು ಇರಲೇಬೇಕು. ಬುಕಿಂಗ್‌ಗಳನ್ನು ಒಂದಕ್ಕೊಂದು ಜೋಡಿಸಿ ಅಂತ ಏರ್‌ಲೈನ್‌ಗೆ ಫೋನ್ ಮಾಡಿ ಕೇಳಿ.

ಕಾರ್ಡಿನಿಂದ ಏರ್‌ಲೈನ್‌ಗೆ ಕಳಿಸಿದ ಪಾಯಿಂಟ್ಸ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಸೀಟು ಇದೆ ಅಂತ ಕಣ್ಣಾರೆ ನೋಡಿ, ಆಮೇಲೆ ಕಳಿಸಿ. ಸುಮ್ನೆ ಮೊದಲೇ ಕಳಿಸಿಟ್ಟರೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಪಾಯಿಂಟ್ಸ್‌ನಲ್ಲಿ ತೆಗೆದುಕೊಂಡ ಟಿಕೆಟ್‌ನ ತೆರಿಗೆಗೂ ದುಡ್ಡು ಬೇರೆ ಇಟ್ಟುಕೊಳ್ಳಿ, ಏಳು ಜನರದ್ದು ಸೇರಿದರೆ ಕಡಿಮೆ ಏನಲ್ಲ. 2 ವರ್ಷದೊಳಗಿನ ಮಗು ತೊಡೆ ಮೇಲೆ ಕೂತರೂ ಬುಕಿಂಗ್‌ನಲ್ಲಿ ಹೆಸರು ಸೇರಿಸಿ. ವೀಲ್‌ಚೇರ್ ಬೇಕಾದರೆ 48 ಗಂಟೆ ಮುಂಚೆಯೇ ಹೇಳಿಬಿಡಿ.