ಬೀಗದ ಕೈ ನನ್ನ ಚೀಲದಲ್ಲಿತ್ತು

ವಿಜ್ಞಾನ ವಿಭಾಗದ ಮುಖ್ಯಸ್ಥೆಯಾದಾಗ ಎರಡು ಕೆಲಸಗಳು ಸದ್ದಿಲ್ಲದೆ ನನ್ನ ತಲೆಗೆ ಬಂದವು: ಪ್ರಯೋಗಾಲಯದ ಸುರಕ್ಷತೆ ನೋಡಿಕೊಳ್ಳುವುದು, ಹೊಸ ಶಿಕ್ಷಕರಿಗೆ ಮಾರ್ಗದರ್ಶನ ಮಾಡುವುದು. ಇವೆರಡಕ್ಕೂ ಸಂಬಂಧವಿಲ್ಲ ಎಂದುಕೊಂಡಿದ್ದೆ. ಮೊದಲನೆಯದಕ್ಕೆ 4 ಪುಟಗಳ ನಿಯಮಾವಳಿ ಬರೆದು ಶಿಕ್ಷಕರೆಲ್ಲರ ಸಹಿ ಹಾಕಿಸಿಕೊಂಡೆ. ಎರಡನೆಯದಕ್ಕೆ ತಿಂಗಳಿಗೊಮ್ಮೆ ಅವರ ತರಗತಿಯಲ್ಲಿ ಕುಳಿತು, ಹಲಗೆಯ ಬರವಣಿಗೆ, ಪ್ರಶ್ನೆ ಕೇಳುವ ಬಗೆ ಇತ್ಯಾದಿಗಳ ಮೇಲೆ ಟಿಪ್ಪಣಿ ಕೊಟ್ಟೆ. ಎಲ್ಲ ಅಚ್ಚುಕಟ್ಟಾಗಿದೆ ಎಂಬ ಸಮಾಧಾನವಿತ್ತು.

ನಾನು ರಜೆ ಹಾಕಿದ್ದ ಒಂದು ದಿನ ಪ್ರಯೋಗಾಲಯದಲ್ಲಿ ಗ್ಯಾಸ್ ವಾಸನೆ ಬಂತು. ಮುಖ್ಯ ವಾಲ್ವ್ ಇದ್ದದ್ದು ಹೊರಗೋಡೆಯ ಮರದ ಕಪಾಟಿನಲ್ಲಿ. ಮಕ್ಕಳು ಕೈಯಾಡಿಸಬಾರದೆಂದು ಅದಕ್ಕೆ ಬೀಗ ಹಾಕಿಸಿದ್ದವಳು ನಾನೇ. ಬೀಗದ ಕೈ ನನ್ನ ಚೀಲದಲ್ಲಿ, ಮನೆಯಲ್ಲಿತ್ತು. ಹೊಸದಾಗಿ ಸೇರಿದ್ದ ಶಿಕ್ಷಕ ಮಕ್ಕಳನ್ನು ಹೊರಗೆ ಕಳುಹಿಸಿದರು, ಅದು ಸರಿ. ಆಮೇಲೆ ವಾಸನೆ ಹೋಗಲೆಂದು ಫ್ಯಾನಿನ ಸ್ವಿಚ್ಚಿಗೆ ಕೈಚಾಚಿದರು. ಪ್ರಯೋಗಾಲಯದ ಸಹಾಯಕರು ಓಡಿಬಂದು ಆ ಕೈ ಹಿಡಿದು ನಿಲ್ಲಿಸಿದರು. ಅಡುಗೆ ಅನಿಲ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಸ್ವಿಚ್ಚಿನೊಳಗಿನ ಒಂದು ಕಿಡಿ ಅದಕ್ಕೆ ಸಾಕು. ಸಹಾಯಕರು ಕಪಾಟಿನ ಬಾಗಿಲನ್ನೇ ಮೀಟಿ ತೆಗೆದು ವಾಲ್ವ್ ಮುಚ್ಚಿದರು.

ಸ್ವಿಚ್ ಮುಟ್ಟಬಾರದು ಎಂಬುದು ನನ್ನ ನಿಯಮಾವಳಿಯ 3ನೇ ಪುಟದಲ್ಲಿತ್ತು. ಆ ಶಿಕ್ಷಕ ಸಹಿ ಹಾಕಿದ್ದರು. ಅದನ್ನು ತಿಳಿದು ನಡೆದುಕೊಂಡ ಸಹಾಯಕರ ಸಹಿಯನ್ನು ನಾನು ಕೇಳಿಯೇ ಇರಲಿಲ್ಲ. ಪಟ್ಟಿಯಲ್ಲಿ ಶಿಕ್ಷಕರು ಮಾತ್ರ ಇದ್ದರು. ಈ ಸಂಗತಿ ನನ್ನನ್ನು ಬಹಳ ದಿನ ಚುಚ್ಚಿತು.

ಬೀಗ ಮತ್ತೆ ಬರಲಿಲ್ಲ. ವಾಲ್ವ್ ಎಲ್ಲಿದೆ, ಯಾವ ಕಡೆಗೆ ತಿರುಗಿಸಬೇಕು ಎಂಬುದನ್ನು ವರ್ಷದ ಮೊದಲ ಪ್ರಯೋಗದ ದಿನವೇ ಮಕ್ಕಳಿಂದಲೂ ಮಾಡಿಸತೊಡಗಿದೆವು. ಕಷ್ಟವಾದದ್ದು ಇನ್ನೊಂದು: ಹೊಸಬರಿಗೆ ಕಲಿಸುವ ನನ್ನ ರೀತಿಯನ್ನು ಬದಲಿಸಿಕೊಳ್ಳುವುದು.

ಅದೇ ಶಿಕ್ಷಕ ಒಮ್ಮೆ ಉತ್ಸಾಹದಿಂದ ಬಂದು, ಮೆಥನಾಲ್ ಎಂಬ ಉರಿಯುವ ದ್ರವದಲ್ಲಿ ಬೇರೆ ಬೇರೆ ಲವಣ ಬೆರೆಸಿ ಬಣ್ಣದ ಜ್ವಾಲೆ ತೋರಿಸುತ್ತೇನೆ ಎಂದರು. ಹಿಂದಿನ ನಾನಾಗಿದ್ದರೆ ಬೇಡ ಎಂದು ಮುಗಿಸುತ್ತಿದ್ದೆ. ಈ ಸಲ ಕೇಳಿದೆ: "ಜ್ವಾಲೆ ಇಳಿದರೆ ಏನು ಮಾಡುತ್ತೀರಿ?"

"ಇನ್ನೊಂದಿಷ್ಟು ಸುರಿಯುತ್ತೇನೆ, ಮೇಡಂ."

"ಬಾಟಲಿಯಿಂದಲೇ?"

ಅವರು ಉತ್ತರಿಸಲಿಲ್ಲ. ಮೆಥನಾಲ್ 11 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅದರ ಜ್ವಾಲೆ ಬೆಳಕಿನಲ್ಲಿ ಕಾಣುವುದೇ ಇಲ್ಲ ಎನ್ನಬಹುದು. ಆರಿದೆ ಎಂದು ಸುರಿದರೆ ಬೆಂಕಿ ಬಾಟಲಿಯ ಬಾಯಿಗೆ ಏರಿ, ಎದುರಿನ ಬೆಂಚಿನ ಮೇಲೆ ಚಿಮ್ಮುತ್ತದೆ. ಇಂಥ ಅವಘಡಗಳು ಮರುಕಳಿಸಿದ್ದರಿಂದಲೇ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 2014ರಲ್ಲಿ ಶಾಲೆಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಮರದ ಕಡ್ಡಿಗಳನ್ನು ಲವಣದ ನೀರಿನಲ್ಲಿ ನೆನೆಸಿ ಬರ್ನರಿನ ಜ್ವಾಲೆಗೆ ಹಿಡಿದರೂ ಅದೇ ಬಣ್ಣಗಳು ಬರುತ್ತವೆ. ಅವರು ಹಾಗೆಯೇ ಮಾಡಿದರು. ಕಿಟಕಿಗೆ ಪರದೆ ಎಳೆದರೆ ತಾಮ್ರದ ಹಸಿರು ಇನ್ನೂ ಚೆನ್ನಾಗಿ ಕಾಣುತ್ತದೆ ಎಂಬುದನ್ನು ಅವರಿಂದ ನಾನು ಕಲಿತೆ.

ಆಮೇಲೆ ಪ್ರತಿ ಹೊಸ ಪ್ರಯೋಗವೂ ಮೂರು ಸಲ ನಡೆಯುತ್ತಿತ್ತು: ನಾನು ಮಾಡುವುದು, ಇಬ್ಬರೂ ಕೂಡಿ ಮಾಡುವುದು, ಅವರು ಮಾಡುವಾಗ ನಾನು ಹಿಂದಿನ ಬೆಂಚಿನಲ್ಲಿ ಸುಮ್ಮನಿರುವುದು. ಮೂರನೆಯದು ನನಗೆ ಶಿಕ್ಷೆ. ಒಂದು ದಿನ ತಡೆಯಲಾರದೆ, ಬೀಕರ್ ಇಡುವ ಜಾಗದ ಬಗ್ಗೆ ಮಧ್ಯೆ ಬಾಯಿ ಹಾಕಿದೆ. ಅವಧಿ ಮುಗಿಯುವವರೆಗೂ ಮಕ್ಕಳು ಪ್ರತಿ ಹೆಜ್ಜೆಗೂ ಅವರ ಮುಖ ಬಿಟ್ಟು ನನ್ನ ಮುಖ ನೋಡಿದರು. ಅಂದು ಸಂಜೆ ಒಂದು ಒಪ್ಪಂದ ಮಾಡಿಕೊಂಡೆವು. ಅಪಾಯ ಕಂಡರೆ "ನಿಲ್ಲಿಸಿ" ಎಂಬ ಒಂದೇ ಮಾತು. ಮಿಕ್ಕಿದ್ದೆಲ್ಲ ತರಗತಿಯ ನಂತರ. ಆ ಮಾತನ್ನು ಯಾರು ಬೇಕಾದರೂ ಹೇಳಬಹುದು, ಆ ಕ್ಷಣದಲ್ಲಿ ಕಾರಣ ಕೇಳುವಂತಿಲ್ಲ. ಸಹಾಯಕರು ಅದನ್ನು ಮೊದಲು ಹೇಳಿದ್ದು ನನಗೇ. ನಾನು ಸುರಕ್ಷತಾ ಕನ್ನಡಕ ಹಾಕದೆ ಸಾಂದ್ರ ಆಮ್ಲದ ಬಾಟಲಿ ತೆರೆಯುತ್ತಿದ್ದೆ.

"ಸ್ವಲ್ಪದರಲ್ಲಿ ತಪ್ಪಿದ್ದು" ಎಂಬ ಹೆಸರಿನ ಒಂದು ಪುಸ್ತಕವನ್ನೂ ಇಟ್ಟೆ. ಒಂದು ತಿಂಗಳು ಅದು ಖಾಲಿಯಾಗಿಯೇ ಇತ್ತು. ಯಾರ ಮೇಲೋ ದೂರು ಬರೆಯುವ ಪುಸ್ತಕವೆಂದು ಎಲ್ಲರೂ ಭಾವಿಸಿದ್ದರು. ಆಗ ನನ್ನ ತಪ್ಪುಗಳನ್ನೇ ಬರೆದೆ. ಆಮ್ಲಗಳೆಲ್ಲ ಒಂದೇ ಕಡೆ ಇರಲಿ ಎಂದು ನೈಟ್ರಿಕ್ ಆಮ್ಲದ ಪಕ್ಕದಲ್ಲಿ ಅಸಿಟಿಕ್ ಆಮ್ಲ ಇಟ್ಟಿದ್ದೆ. ಒಂದು ಪ್ರಬಲ ಉತ್ಕರ್ಷಕ, ಅಂದರೆ ಬೇರೆ ವಸ್ತುಗಳ ಉರಿಯನ್ನು ಹೆಚ್ಚಿಸುವಂಥದ್ದು; ಇನ್ನೊಂದು ಉರಿಯುವ ವಸ್ತು. ಮುಂದಿನ ವಾರ ಬೇರೆಯವರ ಕೈಬರಹ ಕಾಣಿಸಿತು: ಕಣ್ಣು ತೊಳೆಯುವ ನಲ್ಲಿಯ ಮುಂದೆ ಉತ್ತರಪತ್ರಿಕೆಗಳ ಕಟ್ಟು ಇದೆ. ಆಮ್ಲ ಬಿದ್ದ ಕಣ್ಣನ್ನು ತಕ್ಷಣ, ಕನಿಷ್ಠ 15 ನಿಮಿಷ ಬಿಡದೆ ತೊಳೆಯಬೇಕು. ಕಟ್ಟು ನನ್ನದೇ ಆಗಿತ್ತು.

ಕಳೆದ ವರ್ಷ ಬೇಕೆಂದೇ ಒಂದು ದಿನ ರಜೆ ಹಾಕಿದೆ. ಗ್ಯಾಸ್ ಸೋರಿಕೆಯ ಅಣಕು ಕಾರ್ಯಾಚರಣೆ ಆ ದಿನ ನಡೆಯಲಿ, ನನಗೆ ಫೋನ್ ಮಾಡಬೇಡಿ ಎಂದು ಹೇಳಿದ್ದೆ. ದಿನವಿಡೀ ಫೋನ್ ನೋಡುತ್ತಲೇ ಇದ್ದೆ, ಬರಲಿಲ್ಲ. ಮರುದಿನ ಪುಸ್ತಕದಲ್ಲಿ ಸಹಾಯಕರ ಅಕ್ಷರದಲ್ಲಿ ಒಂದು ಸಾಲಿತ್ತು: "ವಾಲ್ವ್ ಬಿಗಿಯಾಗಿದೆ. ಹುಡುಗಿಯೊಬ್ಬಳು ಎರಡೂ ಕೈ ಹಾಕಿದರೂ ತಿರುಗಲಿಲ್ಲ." ಆ ವಾರವೇ ವಾಲ್ವ್ ಬದಲಾಯಿಸಿದೆವು.